ಕಡಲಡಿಯ ಕಾವಲುಗಾರ

ರಾತ್ರಿಯೆಲ್ಲ ಊರು ಸುತ್ತುವ ಕಾವಲುಗಾರನನ್ನು ನೆನೆಯೋಣ. ಆಗಾಗ ಕೋಲು ಕುಟ್ಟಿ ಕೂಗಿದರೆ ಸಾಕು, ಊರವರು ನೆಮ್ಮದಿಯಿಂದ ನಿದ್ರಿಸುವರು. ಕಳ್ಳನ ಸುಳಿವು ಸಿಕ್ಕಿದಾಗ ಮಾತ್ರ ಅವನು ಎಡೆಬಿಡದೆ ಕೂಗಬೇಕು. ಎಲೆ ಅಲುಗಿದಾಗಲೆಲ್ಲ ಕೂಗುವವನಿಂದಲೂ, ಕಳ್ಳನು ಹೊಸಿಲು ದಾಟಿದ ಮೇಲೆ ಕೂಗುವವನಿಂದಲೂ ಊರಿಗೆ ಪ್ರಯೋಜನವಿಲ್ಲ. ಸಾವಿರಾರು ಮೀಟರು ಆಳದ ಕಡಲ ತಳದಲ್ಲಿ ಒಂಟಿಯಾಗಿ ಕುಳಿತು ಸುನಾಮಿಯನ್ನು ಕಾಯುವ 'ಡಾರ್ಟ್' ಎಂಬ ಯಂತ್ರಕ್ಕೂ ಇದೇ ಧರ್ಮಸಂಕಟ.

2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಕಡಲಡಿಯಲ್ಲಿ ಭೂಮಿ ಕಂಪಿಸಿತು. ಅದರಿಂದೆದ್ದ ಅಲೆಯು ಶ್ರೀಲಂಕೆಯನ್ನೂ ತಮಿಳುನಾಡಿನ ತೀರವನ್ನೂ ಮುಟ್ಟಲು ಸುಮಾರು ಎರಡು ಗಂಟೆ ಹಿಡಿಯಿತು. ಆದರೆ ಹಿಂದೂ ಮಹಾಸಾಗರಕ್ಕೆ ಅಂದು ಸುನಾಮಿಯ ಎಚ್ಚರಿಕೆ ನೀಡುವ ವ್ಯವಸ್ಥೆಯೇ ಇರಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಜನರು ಪ್ರಾಣ ತೆತ್ತರು.

ನಡುಗಡಲಿನಲ್ಲಿ ಸುನಾಮಿಯನ್ನು ಗುರುತಿಸುವ ಬಗೆ ಹೇಗೆ? ಅಲ್ಲಿ ಅದರ ಎತ್ತರ ಬಹಳ ಅಲ್ಪ. ಹಡಗಿನಲ್ಲಿರುವವರಿಗೆ ತಿಳಿಯುವುದೇ ಇಲ್ಲ. ಆದರೆ ಗಾಳಿಯೆಬ್ಬಿಸುವ ಅಲೆಗಳ ಪ್ರಭಾವವು ಮೇಲ್ಪದರದಲ್ಲೇ ಮುಗಿದರೆ, ಬಹು ನೀಳವಾದ ಸುನಾಮಿಯು ಮೇಲಿನಿಂದ ತಳದವರೆಗಿನ ನೀರನ್ನೆಲ್ಲ ಚಲಿಸುವಂತೆ ಮಾಡುತ್ತದೆ. ಆದುದರಿಂದ ತಳದ ಒತ್ತಡವೂ ಬದಲಾಗುತ್ತದೆ. ಒತ್ತಡಕ್ಕೆ ತಕ್ಕಂತೆ ಕಂಪನದ ವೇಗ ಬದಲಿಸುವ ಸ್ಫಟಿಕವೊಂದರ ನೆರವಿನಿಂದ ನಮ್ಮ ಯಂತ್ರವು ತನ್ನ ಮೇಲಿರುವ ನೀರನ್ನು ತೂಗುತ್ತಿರುತ್ತದೆ.

ಹಾಗಾದರೆ 'ನೀರು ಇಷ್ಟು ಏರಿದರೆ ಕೂಗು' ಎಂದು ವಿಧಿಸಿದರೆ ಸಾಲದೆ? ಸಾಲದು. ಉಬ್ಬರವಿಳಿತದಿಂದ ನೀರು ದಿನವೂ ಏರಿಳಿಯುತ್ತದೆ. ಇದು ಸುನಾಮಿಯ ಅಲೆಗಿಂತ ಎಷ್ಟೋ ಪಾಲು ಹೆಚ್ಚಾಗಿರಬಹುದು. ಆದರೆ ಉಬ್ಬರವು ಮೆಲ್ಲಗೆ ಬರುವಂಥದು, ಮುಂದಾಗಿಯೇ ಊಹಿಸಬಹುದಾದುದು. ಯಂತ್ರವು ಹಿಂದಿನ ಮೂರು ಗಂಟೆಗಳ ಅಳತೆಗಳಿಂದ ಈ ಕ್ಷಣದಲ್ಲಿ ನೀರು ಎಷ್ಟಿರಬೇಕೆಂದು ಲೆಕ್ಕ ಹಾಕಿ, ನಿಜವಾದ ಅಳತೆಯೊಡನೆ ಹೋಲಿಸುತ್ತದೆ. ಶಾಂತಸಾಗರದ ಉತ್ತರಭಾಗದಲ್ಲಿ ಈ ಅಂತರದ ಮಿತಿ 3 ಸೆಂಟಿಮೀಟರು. ಒಂದೇ ಅಳತೆಯನ್ನು ನಂಬದೆ, ಎರಡು ಅಳತೆಗಳು ಮಿತಿ ಮೀರಿದರೆ ಮಾತ್ರ ಯಂತ್ರವು ಎಚ್ಚರಗೊಳ್ಳುತ್ತದೆ. ಸದ್ದಿಲ್ಲದ ದಿನಗಳ ದಾಖಲೆಯೇ ಅಪಾಯದ ದಿನದ ಒರೆಗಲ್ಲು ಎಂಬುದನ್ನು ಓದುಗರು ಗಮನಿಸಬೇಕು.

ಯಂತ್ರವು 15 ಸೆಕೆಂಡಿಗೊಮ್ಮೆ ಅಳೆಯುತ್ತದೆ; ಎಂದರೆ ದಿನಕ್ಕೆ 5,760 ಅಳತೆಗಳು. ಅವೆಲ್ಲವನ್ನೂ ಮೇಲಕ್ಕೆ ಕಳುಹಿಸಹೊರಟರೆ ವರ್ಷಗಟ್ಟಲೆ ಬಾಳಬೇಕಾದ ಬ್ಯಾಟರಿಯು ಬೇಗನೆ ಬರಿದಾದೀತು. ಆದ್ದರಿಂದ ಎರಡನೆಯ ತಲೆಮಾರಿನ ಡಾರ್ಟ್ ಯಂತ್ರವು ಸಾಮಾನ್ಯ ದಿನಗಳಲ್ಲಿ ಕಾಲು ಗಂಟೆಗೊಂದರಂತೆ ಆಯ್ದ 24 ಅಳತೆಗಳನ್ನು ಆರು ಗಂಟೆಗೊಮ್ಮೆ ಕಳುಹಿಸುತ್ತದೆ. ರೇಡಿಯೊ ಅಲೆಗಳು ಕಡಲ ನೀರಿನಲ್ಲಿ ದೂರ ಸಾಗಲಾರವು. ಹೀಗಾಗಿ ಸುದ್ದಿಯು ಶಬ್ದದ ರೂಪದಲ್ಲಿ ಮೇಲಿನ ತೇಲುಬುರುಡೆಯನ್ನು ಮುಟ್ಟಿ, ಅಲ್ಲಿಂದ ಉಪಗ್ರಹದ ಮೂಲಕ ದಡ ಸೇರುತ್ತದೆ. ಎಚ್ಚರಗೊಂಡ ಯಂತ್ರದ ನಡೆಯೇ ಬೇರೆ. ಮೊದಲ ಕೆಲವು ನಿಮಿಷಗಳ ಅಳತೆಗಳನ್ನು 15 ಸೆಕೆಂಡಿನ ವಿವರದೊಡನೆ ತಿಳಿಸಿ, ಬಳಿಕ ನಿಮಿಷಕ್ಕೊಂದು ಸರಾಸರಿಯನ್ನು ಒದಗಿಸುತ್ತದೆ. ದಡದಲ್ಲಿರುವವರು ಆಜ್ಞೆ ಕಳುಹಿಸಿ ಅದನ್ನು ಎಬ್ಬಿಸಲೂಬಹುದು. ಎಲ್ಲ ಅಳತೆಗಳೂ ಯಂತ್ರದ ಸ್ಮೃತಿಯಲ್ಲಿ ಉಳಿದಿದ್ದು, ಅದನ್ನು ಮೇಲೆತ್ತಿದಾಗ ವಿಜ್ಞಾನಿಗಳಿಗೆ ದೊರೆಯುತ್ತವೆ.

ಈ ಕಾವಲುಗಾರನೂ ಒಮ್ಮೊಮ್ಮೆ ಬೆಚ್ಚುವುದುಂಟು. ಸುನಾಮಿಗಿಂತ ಬಹು ವೇಗವಾಗಿ ಓಡುವ ಭೂಕಂಪದ ತರಂಗಗಳು ಮೊದಲೇ ಬಂದು ಕಡಲ ತಳವನ್ನು ಅಲುಗಿಸಿ ಅವನನ್ನು ಎಬ್ಬಿಸುತ್ತವೆ. ಇದು ಪೂರ್ತಿ ಕೇಡೇನೂ ಅಲ್ಲ. ಅಲೆ ಬರುವ ವೇಳೆಗೆ ಅವನು ಎದ್ದು ಕುಳಿತಿರುತ್ತಾನೆ. ಕಂಪನ ಯಾವುದು, ಅಲೆ ಯಾವುದು ಎಂದು ವಿವೇಚಿಸುವ ಹೊಣೆ ದಡದಲ್ಲಿರುವ ಮನುಷ್ಯನದು.

ಹುಸಿ ಕೂಗೂ ಹಾನಿಕರವೆ. 1986ರಲ್ಲಿ ಅಲ್ಯೂಷಿಯನ್ ದ್ವೀಪಮಾಲೆಯಲ್ಲಿ ಭೂಕಂಪವಾದಾಗ ಹವಾಯಿಯ ಕರಾವಳಿಯ ಜನರನ್ನು ತೆರವುಗೊಳಿಸಲಾಯಿತು. ಬಂದ ಅಲೆ ಮಾತ್ರ ಸಣ್ಣದು. 2003ರ ನವೆಂಬರ್ 17ರಂದು ಅದೇ ದ್ವೀಪಮಾಲೆಯಲ್ಲಿ ಮತ್ತೆ ಭೂಮಿ ನಡುಗಿ ಎಚ್ಚರಿಕೆ ಹೊರಟಿತು. ಆದರೆ ಡಾರ್ಟ್ ಯಂತ್ರವು ಸುಮಾರು 2 ಸೆಂಟಿಮೀಟರಿನ ಅಲೆಯನ್ನಷ್ಟೇ ತೋರಿಸಿತು. ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಲಾಯಿತು, ಹವಾಯಿಯ ಜನರು ಮನೆ ತೊರೆಯಬೇಕಾಗಲಿಲ್ಲ.

2007ರಿಂದ ಹೈದರಾಬಾದಿನಲ್ಲಿ ನಮ್ಮ ದೇಶದ ಸುನಾಮಿ ಎಚ್ಚರಿಕೆ ಕೇಂದ್ರವು ಕೆಲಸ ಮಾಡುತ್ತಿದೆ. ಬಂಗಾಳ ಕೊಲ್ಲಿಯಲ್ಲೂ ಅರಬ್ಬೀ ಸಮುದ್ರದಲ್ಲೂ ಇಂತಹ ಒತ್ತಡಮಾಪಕಗಳನ್ನು ಇಳಿಸಲಾಗಿದೆ. ಯಂತ್ರದ ಕೂಗು ಎಷ್ಟೇ ಸಕಾಲಿಕವಾಗಿದ್ದರೂ, ಅದು ಕೊನೆಗೆ ತಲುಪಬೇಕಾದುದು ದಡದ ಗುಡಿಸಲಿನಲ್ಲಿ ಮಲಗಿರುವ ಬೆಸ್ತನ ಕಿವಿಯನ್ನು. ಅಲ್ಲಿಯವರೆಗೆ ಕಾವಲು ಪೂರ್ಣವಾಯಿತೆಂದು ನಾವು ಹೇಳಲಾರೆವು.