ಬಾಂಬಿಗೂ ಮೊದಲು ಬಂದದ್ದು ನೋಟಿಸ್

ಕಳೆದ ವರ್ಷ ನಮ್ಮೂರಿನ ಒಂದು ಸಣ್ಣ ಪತ್ರಿಕೆಯಲ್ಲಿ ಇಂಟರ್ನ್‌ಷಿಪ್ ಮಾಡುತ್ತಿದ್ದೆ. ಕಾಮಗಾರಿ ಮುಗಿದು ನಾಲ್ಕೇ ತಿಂಗಳಿಗೆ ಕಿತ್ತುಹೋದ ರಸ್ತೆಯೊಂದರ ಬಗ್ಗೆ ಎರಡು ಕಂತಿನ ವರದಿ ಬರೆದೆ. ಫೋಟೊ ಇತ್ತು, ಆರ್‌ಟಿಐ ಹಾಕಿ ಪಡೆದ ಬಿಲ್ಲಿನ ಪ್ರತಿಯೂ ಇತ್ತು. ಮೊದಲ ಕಂತು ಅಚ್ಚಾದ ವಾರಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಕೀಲರ ನೋಟಿಸ್ ಬಂತು. ಹತ್ತು ಲಕ್ಷ ರೂಪಾಯಿ ಮಾನನಷ್ಟ! ಸಂಪಾದಕರು ಅದನ್ನು ಎರಡು ಸಲ ಓದಿ, ‘ನೀನು ಬರೆದದ್ದರಲ್ಲಿ ತಪ್ಪೇನೂ ಇಲ್ಲಮ್ಮ. ಆದರೆ ಕೋರ್ಟಿಗೆ ಅಲೆಯೋ ಶಕ್ತಿ ನಮಗಿಲ್ಲ’ ಎಂದರು. ಎರಡನೇ ಕಂತು ಅವರ ಮೇಜಿನ ಡ್ರಾಯರ್ ಸೇರಿತು.

ಕೇಸು ದಾಖಲಾಗಲೇ ಇಲ್ಲ. ನೋಟಿಸ್ ಕಳುಹಿಸಿದವರಿಗೆ ಅದರ ಅಗತ್ಯವೂ ಬೀಳಲಿಲ್ಲ.

ಹೀಗೆ ಬಾಯಿ ಮುಚ್ಚಿಸುವ ವಿದ್ಯೆಗೆ ಒಂದು ಹೆಸರಿದೆ, ಅದನ್ನು ತಡೆಯಲು ಯುರೋಪ್ ಒಂದು ಕಾನೂನನ್ನೇ ಮಾಡಿದೆ ಎಂದು ನನಗೆ ಗೊತ್ತಾದದ್ದು ಈ ವರ್ಷ, ಪತ್ರಿಕೋದ್ಯಮ ಎಂ.ಎ. ಸೆಮಿನಾರಿಗೆ ಓದುವಾಗ. ಆ ಕಾನೂನಿನ ಹಿಂದೆ ಒಬ್ಬ ಪತ್ರಕರ್ತೆಯ ಸಾವಿದೆ.

ಅವರು ಡಾಫ್ನೆ ಕರುವಾನಾ ಗಲಿಝಿಯಾ. ಊರು, ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಮಾಲ್ಟಾ. ಯುರೋಪಿಯನ್ ಒಕ್ಕೂಟದ ಅತಿ ಚಿಕ್ಕ ದೇಶವದು. ನಮ್ಮ ಬೆಂಗಳೂರಿಗಿಂತಲೂ ಚಿಕ್ಕದು. ಎಲ್ಲರಿಗೆ ಎಲ್ಲರೂ ಗೊತ್ತಿರುವ ಅಂಥ ಜಾಗದಲ್ಲಿ ಅಧಿಕಾರದಲ್ಲಿ ಇರುವವರ ವಿರುದ್ಧ ಬರೆಯುವುದು ಎಷ್ಟು ಕಷ್ಟ ಎಂದು ತಾಲ್ಲೂಕು ಕೇಂದ್ರದಲ್ಲಿ ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಡಾಫ್ನೆ ಬರೆದರು. ಪ್ರಧಾನಿಯ ಕಚೇರಿ ಮುಖ್ಯಸ್ಥ ಮತ್ತು ಒಬ್ಬ ಮಂತ್ರಿ ಪನಾಮಾದಲ್ಲಿ ಕಂಪನಿ ಇಟ್ಟುಕೊಂಡಿದ್ದಾರೆ ಎಂದು 2016ರಲ್ಲಿ, ಪನಾಮಾ ಪೇಪರ್ಸ್ ಪ್ರಕಟವಾಗುವ ಮೊದಲೇ, ತಮ್ಮ ಬ್ಲಾಗಿನಲ್ಲಿ ಹೇಳಿದವರು ಅವರು.

ಉತ್ತರವಾಗಿ ಬಂದದ್ದು ಕೇಸುಗಳ ಸುರಿಮಳೆ. 2017ರ ಫೆಬ್ರುವರಿಯಲ್ಲಿ ಮಂತ್ರಿಯೊಬ್ಬರ ಕೋರಿಕೆಯಂತೆ ನ್ಯಾಯಾಲಯ ಅವರ ಬ್ಯಾಂಕ್ ಖಾತೆಯನ್ನೇ ತಡೆಹಿಡಿಯಿತು. ಮಾಲ್ಟಾದ ಬ್ಯಾಂಕೊಂದು ದೂರದ ಅಮೆರಿಕದಲ್ಲಿ 4 ಕೋಟಿ ಡಾಲರ್ ಕೇಳಿ ದಾವೆ ಹೂಡಿತು. 2017ರ ಅಕ್ಟೋಬರ್ 16ರ ಮಧ್ಯಾಹ್ನ, ಬ್ಲಾಗಿನಲ್ಲಿ ಕೊನೆಯ ಬರಹ ಹಾಕಿದ ಅರ್ಧ ಗಂಟೆಗೆ, ಬ್ಯಾಂಕಿಗೆ ಹೋಗಲೆಂದು ಮನೆಯಿಂದ ಹೊರಟರು. ಕಾರಿನಲ್ಲಿಟ್ಟಿದ್ದ ಬಾಂಬ್ ಸಿಡಿಯಿತು. ಸದ್ದು ಕೇಳಿ ಬರಿಗಾಲಲ್ಲಿ ಓಡಿ ಬಂದದ್ದು ಅವರ ಮಗ ಮ್ಯಾಥ್ಯೂ. ಡಾಫ್ನೆಗೆ ಆಗ 53 ವರ್ಷ.

ಅಂದು ಅವರ ಮೇಲೆ 40ಕ್ಕೂ ಹೆಚ್ಚು ಮಾನಹಾನಿ ಕೇಸುಗಳು ಬಾಕಿ ಇದ್ದವು. ಅವರು ಸತ್ತರೂ ಕೇಸುಗಳು ಸಾಯಲಿಲ್ಲ. ಗಂಡ ಮತ್ತು ಮೂವರು ಮಕ್ಕಳು ವಾರಸುದಾರರಾಗಿ ಕಟಕಟೆಗೆ ಬಂದರು. ಅಮ್ಮನನ್ನು ಕಳೆದುಕೊಂಡ ಮಕ್ಕಳು ಅಮ್ಮನ ಬರಹಕ್ಕೆ ಜವಾಬು ಹೇಳಬೇಕಾಯಿತು. ಇದನ್ನು ಓದಿದಾಗ ನನಗೆ ನಮ್ಮ ಸಂಪಾದಕರ ಡ್ರಾಯರ್ ನೆನಪಾಯಿತು.

ಇಂಥ ಕೇಸುಗಳನ್ನು ಇಂಗ್ಲಿಷಿನಲ್ಲಿ ‘ಸ್ಲ್ಯಾಪ್’ ಎನ್ನುತ್ತಾರೆ. ಒಂದು ಉದ್ದನೆಯ ಹೆಸರಿನ ಮೊದಲಕ್ಷರಗಳು ಸೇರಿ ಆದ ಪದ. ಅದೇ ಪದಕ್ಕೆ ಕಪಾಳಮೋಕ್ಷ ಎಂಬ ಅರ್ಥವೂ ಇದೆ! ಕೇಸು ಹಾಕಿದವನಿಗೆ ಗೆಲುವು ಮುಖ್ಯವಲ್ಲ. ವಕೀಲರ ಫೀಜು, ಅಲೆದಾಟ, ವರ್ಷಗಟ್ಟಲೆ ಮುಂದೂಡಿಕೆ, ನಿದ್ದೆ ಇಲ್ಲದ ರಾತ್ರಿಗಳು, ಇವಿಷ್ಟೇ ಸಾಕು. ಬರೆದವರು ಸುಸ್ತಾಗುತ್ತಾರೆ, ನೋಡಿದವರು ಬರೆಯುವುದನ್ನೇ ಬಿಡುತ್ತಾರೆ. ಅಷ್ಟೇ ಅಲ್ಲ, ಎಲ್ಲರೂ ಹಿಂದೆ ಸರಿದ ಮೇಲೆ ಬರೆಯುವವರು ಒಂಟಿಯಾಗುತ್ತಾರೆ. ಒಂಟಿಯಾದವರನ್ನು ಮುಗಿಸುವುದು ಸುಲಭ. ಮಾಲ್ಟಾದ ಸಾರ್ವಜನಿಕ ವಿಚಾರಣಾ ಮಂಡಳಿ 2021ರಲ್ಲಿ ಕೊಟ್ಟ ವರದಿ, ಏನು ಮಾಡಿದರೂ ಶಿಕ್ಷೆಯಾಗದು ಎಂಬ ವಾತಾವರಣ ಬೆಳೆಯಲು ಬಿಟ್ಟದ್ದಕ್ಕೆ ಸರ್ಕಾರವೇ ಹೊಣೆ ಎಂದಿತು.

ಡಾಫ್ನೆ ಕುಟುಂಬ ಸುಮ್ಮನೆ ಕೂರಲಿಲ್ಲ. ಪತ್ರಕರ್ತರ ಸಂಘಟನೆಗಳ ಜೊತೆ ಸೇರಿ ಯುರೋಪಿನ ಬಾಗಿಲು ತಟ್ಟಿತು. ಮೊದಮೊದಲು ಸಿಕ್ಕಿದ್ದು, ‘ಮಾನಹಾನಿ ಕಾನೂನು ಆಯಾ ದೇಶಕ್ಕೆ ಬಿಟ್ಟದ್ದು’ ಎಂಬ ಉತ್ತರ. ಆದರೆ 2018ರ ಫೆಬ್ರುವರಿಯಲ್ಲಿ ಸ್ಲೊವಾಕಿಯಾದಲ್ಲಿ ಯಾನ್ ಕುತ್ಸಿಯಾಕ್ ಎಂಬ 27ರ ಹರೆಯದ ಪತ್ರಕರ್ತ ಮತ್ತು ಅವನು ಮದುವೆಯಾಗಬೇಕಿದ್ದ ಹುಡುಗಿ ಇಬ್ಬರನ್ನೂ ಮನೆಯಲ್ಲೇ ಗುಂಡಿಟ್ಟು ಕೊಂದಾಗ, ಇದು ಒಂದು ದ್ವೀಪದ ಸಮಸ್ಯೆ ಎನ್ನಲು ಆಗಲಿಲ್ಲ. ಕಾನೂನು ತಜ್ಞರು ಒಂದು ದಾರಿ ಹುಡುಕಿದರು. ಮಾನಹಾನಿ ಎಂದರೇನು ಎಂಬ ತಂಟೆಗೆ ಹೋಗುವುದು ಬೇಡ, ಕೇಸು ನಡೆಯುವ ರೀತಿಯನ್ನು ಬದಲಿಸೋಣ ಎಂದರು. ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿ ಸಲ್ಲಿಕೆಯಾಯಿತು. 2022ರ ಏಪ್ರಿಲ್‌ನಲ್ಲಿ ಕರಡು ಬಂತು. 2024ರ ಫೆಬ್ರುವರಿಯಲ್ಲಿ ಯುರೋಪಿಯನ್ ಸಂಸತ್ತು 546–47 ಮತಗಳಿಂದ ಅದನ್ನು ಒಪ್ಪಿತು. ಜನ ಅದನ್ನು ಕರೆಯುವುದು ‘ಡಾಫ್ನೆ ಕಾನೂನು’ ಎಂದೇ.

ಅದು ಮಾಡುವುದಿಷ್ಟು. ಕೇಸಿನಲ್ಲಿ ಹುರುಳಿಲ್ಲ ಎಂದು ಮೇಲ್ನೋಟಕ್ಕೇ ಕಂಡರೆ ನ್ಯಾಯಾಧೀಶರು ಆರಂಭದಲ್ಲೇ ವಜಾ ಮಾಡಬಹುದು. ಹುರುಳಿದೆ ಎಂದು ತೋರಿಸುವ ಹೊಣೆ ಕೇಸು ಹಾಕಿದವನದು. ಪತ್ರಕರ್ತರ ಖರ್ಚಿಗಾಗಿ ಅವನಿಂದ ಮೊದಲೇ ಠೇವಣಿ ಇಡಿಸಬಹುದು. ಕಾಡಿಸಲೆಂದೇ ಹಾಕಿದ ಕೇಸಾದರೆ ಎದುರಾಳಿಯ ಖರ್ಚನ್ನೂ ಕೊಡಬೇಕು, ದಂಡವನ್ನೂ ತೆರಬೇಕಾಗಬಹುದು. ನಿಜವಾಗಿ ಮಾನ ಹೋದವರಿಗೆ ಕೋರ್ಟಿನ ಬಾಗಿಲು ಮುಚ್ಚಿಲ್ಲ. ಪತ್ರಕರ್ತರೂ ತಪ್ಪು ಮಾಡುತ್ತಾರೆ, ಅದಕ್ಕೆ ಉತ್ತರ ಕೊಡಲೇಬೇಕು.

ಇದರ ಬೆನ್ನಿಗೇ ಬಂದ ಯುರೋಪಿನ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆ, ಸುದ್ದಿಮೂಲ ಯಾರೆಂದು ಹೇಳುವಂತೆ ಪತ್ರಕರ್ತರನ್ನು ಬಲವಂತ ಮಾಡುವುದಕ್ಕೂ ಅವರ ಫೋನಿಗೆ ಗೂಢಚಾರಿ ತಂತ್ರಾಂಶ ತೂರಿಸುವುದಕ್ಕೂ ಕಡಿವಾಣ ಹಾಕಿದೆ. ಆದರೂ ಎರಡರಲ್ಲೂ ತೂತುಗಳಿವೆ. ಗಂಭೀರ ಅಪರಾಧದ ತನಿಖೆಯ ಹೆಸರಿನಲ್ಲಿ ವಿನಾಯಿತಿ ಉಂಟು. ಡಾಫ್ನೆ ಕಾನೂನು ಅನ್ವಯಿಸುವುದು ಗಡಿ ದಾಟಿದ ಸಿವಿಲ್ ಪ್ರಕರಣಗಳಿಗೆ ಮಾತ್ರ. ಬಹುತೇಕ ಕೇಸುಗಳು ಹುಟ್ಟುವುದು ಊರೊಳಗೇ. 2026ರ ಮೇ 7ರೊಳಗೆ ಇದನ್ನು ತಮ್ಮ ಕಾನೂನಿಗೆ ಸೇರಿಸಿಕೊಳ್ಳಿ ಎಂದು ಸದಸ್ಯ ರಾಷ್ಟ್ರಗಳಿಗೆ ಗಡುವು ಕೊಡಲಾಯಿತು. ಒಳಗಿನ ಕೇಸುಗಳಿಗೂ ರಕ್ಷಣೆ ಕೊಡುವುದು ಬಿಡುವುದು ಆಯಾ ದೇಶದ ಮರ್ಜಿ. ಹೋರಾಟ ಮುಗಿಯದಿರುವುದು ಅಲ್ಲೇ.

ಅಷ್ಟು ದೂರದ ಕಾನೂನು ನಮಗೇಕೆ ಎಂದು ನೀವು ಕೇಳಬಹುದು. ಡಾಫ್ನೆ ಹತ್ಯೆಗೆ ಸರಿಯಾಗಿ 41 ದಿನ ಮೊದಲು, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಇಬ್ಬರೂ ಐವತ್ತು ದಾಟಿದವರು, ಸ್ವಂತ ವೇದಿಕೆಯಲ್ಲಿ ಬರೆದವರು, ಕೋರ್ಟಿಗೆ ಅಲೆದವರು. ಡಾಫ್ನೆ ಅರ್ಧಕ್ಕೆ ಬಿಟ್ಟ ತನಿಖೆಗಳನ್ನು 2018ರಲ್ಲಿ ‘ಫರ್ಬಿಡನ್ ಸ್ಟೋರೀಸ್’ ಎಂಬ ಸಂಸ್ಥೆಯ ನೇತೃತ್ವದಲ್ಲಿ 18 ಮಾಧ್ಯಮ ಸಂಸ್ಥೆಗಳ 45 ಪತ್ರಕರ್ತರು ಮುಂದುವರಿಸಿದರು. ಅದೇ ಸಂಸ್ಥೆ 2023ರಲ್ಲಿ, ಗೌರಿ ಕೊನೆಯ ಸಂಪಾದಕೀಯದಲ್ಲಿ ಎತ್ತಿದ್ದ ಸುಳ್ಳು ಸುದ್ದಿಯ ವಿಷಯವನ್ನು ಹಿಡಿದು ಜಗತ್ತಿನಾದ್ಯಂತ ತನಿಖೆ ನಡೆಸಿತು. ಒಬ್ಬರನ್ನು ಕೊಂದರೆ ಸುದ್ದಿ ಸಾಯುವುದಿಲ್ಲ ಎಂದು ತೋರಿಸಲು ಅವರು ಮಾಲ್ಟಾಕ್ಕೂ ಹೋದರು, ನಮ್ಮ ಕರ್ನಾಟಕಕ್ಕೂ ಬಂದರು.

ಮಾಲ್ಟಾ 2018ರಲ್ಲೇ ಮಾನಹಾನಿಯನ್ನು ಕ್ರಿಮಿನಲ್ ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿತು. ನಮ್ಮಲ್ಲಿ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದರೂ ಮಾನಹಾನಿಗೆ ಎರಡು ವರ್ಷದವರೆಗಿನ ಜೈಲು ಹಾಗೆಯೇ ಉಳಿದಿದೆ. ನಾಳೆ ಪತ್ರಕರ್ತರಾಗಲು ಹೊರಟಿರುವ ನಾವು ಕ್ಯಾಮೆರಾ, ಎಡಿಟಿಂಗ್ ಕಲಿತಷ್ಟೇ ಶ್ರದ್ಧೆಯಿಂದ ಇದನ್ನೂ ಓದಬೇಕು, ಬದಲಿಸಿ ಎಂದು ಕೇಳಬೇಕು.

ಮೊನ್ನೆ ಊರಿಗೆ ಹೋಗಿದ್ದೆ. ಸೋದರಮಾವ ಅದೇ ರಸ್ತೆಯ ಗುಂಡಿಗೆ ಸ್ಕೂಟರ್ ಸಮೇತ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ‘ನಿಮ್ಮ ಪೇಪರಿನವರಿಗೆ ಇದೆಲ್ಲ ಕಣ್ಣಿಗೆ ಬೀಳಲ್ವೇನೇ?’ ಎಂದು ರೇಗಿದರು.

ಬಿದ್ದಿತ್ತು ಮಾವ. ಬರೆದೂ ಆಗಿತ್ತು.