ಚುರುವಿನ ಚಳಿ, ಕಾಶಿಯ ಮಂಜು

ನವೆಂಬರ್ ಮುಗಿಯುತ್ತಾ ಬಂದರೆ ಊರಿನಿಂದ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ: ‘ಕಾಶಿಯಲ್ಲಿ ಚಳಿ ಹೇಗಿದೆ?’ ನಾನಿರುವ ವಾರಾಣಸಿಯ ಕಂಟೋನ್ಮೆಂಟ್‌ನಲ್ಲಿ ಸದ್ಯಕ್ಕೆ ಒಂದು ಸ್ವೆಟರ್ ಸಾಕು. ನಿಜವಾದ ಚಳಿ ಡಿಸೆಂಬರ್ ಉತ್ತರಾರ್ಧದಲ್ಲಿ.

ಅದರ ಸುಳಿವು ಹುಡುಕಲು ನಾನು ನೋಡುವುದು ರಾಜಸ್ಥಾನವನ್ನು. ಮೆಡಿಟರೇನಿಯನ್ ಕಡೆಯಿಂದ ಬರುವ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಹಿಮಾಲಯದಲ್ಲಿ ಹಿಮ ಸುರಿಸಿ ದಾಟಿದ ಮೇಲೆ ವಾಯವ್ಯದ ಒಣಗಾಳಿ ನುಗ್ಗುತ್ತದೆ. ಥಾರ್ ಅಂಚಿನ ಚುರು, ಫತೇಪುರಗಳಲ್ಲಿ ಮೋಡವಿಲ್ಲ, ತೇವವಿಲ್ಲ. ಹಗಲಿನ ಕಾವನ್ನೆಲ್ಲ ಮರಳು ರಾತ್ರಿಯೇ ಬಿಟ್ಟುಬಿಡುತ್ತದೆ. ಕೆಲವು ವರ್ಷ ಪಾದರಸ ಸೊನ್ನೆಗಿಂತ ಕೆಳಗೂ ಇಳಿಯುವುದುಂಟು. 2019ರ ಜೂನ್‌ನಲ್ಲಿ 50 ಡಿಗ್ರಿ ದಾಟಿದ್ದ ಚುರುವೇ ಇದು!

ಗಂಗೆಯ ಬಯಲಿನ ಕಥೆ ಬೇರೆ. ಇಲ್ಲಿ ತೇವವಿದೆ, ಗಾಳಿ ನಿಂತರೆ ಮಂಜು ಕವಿಯುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 200 ಮೀಟರ್‌ಗಿಂತ ಆಚೆ ಕಾಣದಿದ್ದರೆ ದಟ್ಟ ಮಂಜು, 50 ಮೀಟರ್ ಕೂಡ ಕಾಣದಿದ್ದರೆ ಅತಿ ದಟ್ಟ. ಆಗ ಕ್ಯಾಂಟ್ ಸ್ಟೇಷನ್ನಿಗೆ ರೈಲು ಗಂಟೆಗಟ್ಟಲೆ ತಡ, ಬಾಬತ್‌ಪುರದಲ್ಲಿ ವಿಮಾನವೂ ಅನುಮಾನ. ಬಿಸಿಲೇ ಬೀಳದ ಹಗಲು ರಾತ್ರಿಗಿಂತ ಕಷ್ಟ, ಇದು ನನ್ನ ಅನುಭವ.

ಇಲಾಖೆ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಮುನ್ನೋಟವನ್ನೇನೋ ಕೊಡುತ್ತದೆ. ಆದರೆ ಯಾವ ಬೆಳಿಗ್ಗೆ ಮಂಜು ಎಂಬುದು ಅದರಲ್ಲಿ ಸಿಗದು. ಅದಕ್ಕೆ ನಾಲ್ಕೈದು ದಿನ ಮೊದಲಿನ ಮುನ್ಸೂಚನೆಯನ್ನೇ ನೋಡಬೇಕು.

ಈ ಸಲ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಅಸ್ತಮಾ. ಡಿಸೆಂಬರ್ ಕೊನೆಯ ವಾರದ ಟಿಕೆಟ್ ರದ್ದು ಮಾಡಿ ಮೊದಲ ವಾರಕ್ಕೆ ತಂದಿದ್ದೇನೆ. ಗಂಗಾಸ್ನಾನ ಹತ್ತು ಗಂಟೆಯ ಮೇಲೆ ಎಂದಿದ್ದಕ್ಕೆ ಅಮ್ಮ ಒಪ್ಪಿದ್ದಾರೆ. ಅಪ್ಪ ಇನ್ನೂ ಬೆಳಗಿನ ಜಾವಕ್ಕೇ ಅಂಟಿಕೊಂಡಿದ್ದಾರೆ.