ಗ್ಯಾಸ್ ಗೀಸರ್: ವಾಸನೆ ಬರದ ಅಪಾಯದ ಲೆಕ್ಕ

ಮೊದಲೇ ಹೇಳಿಬಿಡ್ತೀನಿ, ಇದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ಅಲ್ಲ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ. ಈ ಕಡೆ ಹಳೇ ಮನೆಗಳಲ್ಲಿ ಸ್ನಾನದ ನೀರು ಕಾಯುತ್ತಿದ್ದದ್ದು ಹಂಡೆ ಒಲೆಯಲ್ಲಿ. ನೀಲಗಿರಿ ಸೌದೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು ನಿಜ, ಆದರೆ ಆ ಹೊಗೆಯೇ ಎಚ್ಚರಿಕೆಯೂ ಆಗಿತ್ತು. ಹೆಂಚಿನ ಸಂದಿಯಿಂದ ಅದು ಹೊರಗೆ ಹೋಗುತ್ತಿತ್ತು, ಹೊಸ ಗಾಳಿ ಒಳಗೆ ಬರುತ್ತಿತ್ತು. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ಆರ್‌ಸಿಸಿ ಮನೆಗಳು, ಪಿಜಿಗಳು, ಬಾಡಿಗೆ ರೂಮುಗಳು ಹೆಚ್ಚಾದವು. ಈಗ ಎಷ್ಟೋ ಕಡೆ ಹಂಡೆ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಹೆಂಚಿನ ಸಂದಿ ಮಾತ್ರ ಇಲ್ಲ.

2023ರ ಜೂನ್‌ನಲ್ಲಿ, ವಿಮಾನ ನಿಲ್ದಾಣದ ಆಚೆಯ ಚಿಕ್ಕಜಾಲ ಠಾಣೆ ವ್ಯಾಪ್ತಿಯಲ್ಲಿ, ಸ್ನಾನಕ್ಕೆ ಹೋದ ಯುವಜೋಡಿಯೊಂದು ಬಚ್ಚಲಿನಿಂದ ಜೀವಂತ ಹೊರಗೆ ಬರಲಿಲ್ಲ. ಗೀಸರ್‌ನಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಕಾರಣ ಇರಬೇಕು ಅಂತ ವರದಿಯಾಗಿತ್ತು. ಇಂಥ ಸುದ್ದಿ ಓದಿದಾಗ ನಾವು ಸಾಮಾನ್ಯವಾಗಿ ‘ಗ್ಯಾಸ್ ಲೀಕ್ ಆಗಿತ್ತೇನೋ’ ಅಂದುಕೊಳ್ತೀವಿ. ಲೀಕ್ ಆಗಲೇಬೇಕು ಅಂತೇನಿಲ್ಲ. ಯಾವ ಲೀಕೂ ಇಲ್ಲದ ಗೀಸರ್ ಕೂಡ ಮುಚ್ಚಿದ ಬಚ್ಚಲಲ್ಲಿ ಜೀವ ತೆಗೆಯಬಹುದು. ಹೇಗೆ ಅಂತ ಲೆಕ್ಕ ಹಾಕಿ ನೋಡೋಣ.

ಗಾಳಿಯ ಲೆಕ್ಕ

ನಿಮಿಷಕ್ಕೆ 6 ಲೀಟರ್ ನೀರು ಕೊಡುವ ಗೀಸರ್ ತಗೊಳ್ಳಿ. ನೀರಿನ ಉಷ್ಣತೆ 25 ಡಿಗ್ರಿ ಏರಬೇಕು ಅಂದರೆ ಸುಮಾರು 10.5 ಕಿಲೋವ್ಯಾಟ್ ಶಾಖ ಬೇಕು. ದಕ್ಷತೆ 80% ಅಂತ ಹಿಡಿದರೆ ಉರಿಯಬೇಕಾದದ್ದು ಸುಮಾರು 13 ಕಿಲೋವ್ಯಾಟ್, ಅಂದರೆ ಗಂಟೆಗೆ ಸುಮಾರು 1 ಕೆಜಿ ಎಲ್‌ಪಿಜಿ. 1 ಕೆಜಿ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು.

ಈಗ ಬಚ್ಚಲು ನೋಡಿ. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ. ಒಟ್ಟು ಗಾಳಿ ಸುಮಾರು 8 ಘನ ಮೀಟರ್. ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿದ್ದರೆ 5 ನಿಮಿಷಕ್ಕೇ ಆಮ್ಲಜನಕ 21%ನಿಂದ 18%ರ ಹತ್ತಿರಕ್ಕೆ ಇಳಿಯುತ್ತೆ. ಜ್ವಾಲೆ ಕೆಡೋದು ಇಲ್ಲಿಂದ. ಆಮ್ಲಜನಕ ಸಾಲದೆ ಇಂಗಾಲ ಅರೆಬರೆ ಉರಿದು, ಕಾರ್ಬನ್ ಡೈಆಕ್ಸೈಡ್ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುತ್ತೆ.

ಎಲ್‌ಪಿಜಿಗೆ ವಾಸನೆ ಬರಲಿ ಅಂತ ಮರ್ಕ್ಯಾಪ್ಟಾನ್ ಬೆರೆಸಿರ್ತಾರೆ. ಆದರೆ ಉರಿಯುವಾಗ ಅದೂ ಉರಿದುಹೋಗುತ್ತೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲು ಸೋಲುತ್ತೆ. ಚಿಲಕ ಕೈಗೆಟುಕುವಷ್ಟು ಹತ್ತಿರ ಇದ್ದರೂ ತೆಗೆಯಲು ಆಗಲ್ಲ.

ಏನು ಮಾಡಬೇಕು?

1. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಉಳಿದ ಎಲ್ಲ ಎಚ್ಚರಿಕೆಗಿಂತ ಇದು ಮುಖ್ಯ.

2. ಇವತ್ತೇ ಹೊರಗೆ ಹಾಕಿಸಲು ಆಗದಿದ್ದರೆ, ಬಾಗಿಲು ತೆರೆದಿಟ್ಟು ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಎಕ್ಸಾಸ್ಟ್ ಫ್ಯಾನ್ ಇದೆ ಅಂತ ನಂಬಿ ಕೂರಬೇಡಿ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಹೊರಗೆ ತಳ್ಳೋದಾದರೂ ಏನನ್ನ?

3. ಜ್ವಾಲೆ ನೀಲಿ ಇರಬೇಕು. ಹಳದಿ ಆದರೆ, ಮಸಿ ಕಂಡರೆ ಬಳಸೋದು ನಿಲ್ಲಿಸಿ ಮೆಕ್ಯಾನಿಕ್ ಕರೆಸಿ. ಬರ್ನರ್‌ನಲ್ಲಿ ಧೂಳು, ಜೇಡರ ಬಲೆ ಕಟ್ಟಿರಬಹುದು. ನೀಲಿ ಇದೆ ಅಂದಮಾತ್ರಕ್ಕೆ ಮುಚ್ಚಿದ ರೂಮು ಸುರಕ್ಷಿತ ಅಂತಲ್ಲ.

4. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಿಗೆ ಗೀಸರ್ ಒಳಗಿನ ಕೊಳವೆಯಲ್ಲಿ ಬಿಳಿ ಗಾರೆ ಕಟ್ಟುತ್ತೆ. ನೀರು ಮೊದಲಿನಷ್ಟು ಕಾಯ್ತಿಲ್ಲ ಅಂತ ಉರಿ ಹೆಚ್ಚಿಸಬೇಡಿ, ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ.

5. ಐಎಸ್‌ಐ ಗುರುತಿನ ಗೀಸರ್, ರೆಗ್ಯುಲೇಟರ್, ಹೋಸ್ ಬಳಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದರೆ ನೆಲದ ಮೇಲೆ ಹರಿಯುತ್ತೆ. ಹಾಗಾಗಿ ಎಲ್‌ಪಿಜಿ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮಾನಾಕ್ಸೈಡ್ ಗಾಳಿಯ ಜೊತೆ ಬೆರೆಯುತ್ತೆ, ಅದರ ಅಲಾರಂ ಮೂಗಿನ ಮಟ್ಟದಲ್ಲಿರಲಿ. ಎರಡೂ ಬೇರೆ ಬೇರೆ ಉಪಕರಣ.

ಕಾರ್ಪೆಟ್ ತೊಳೆಯುವ ಯಂತ್ರಕ್ಕೂ ಇದೇ ಲೆಕ್ಕ

ಅಮೆರಿಕದಲ್ಲಿ ಕಾರ್ಪೆಟ್ ತೊಳೆಯುವವರು ಬಿಸಿನೀರಿಗೆ ವ್ಯಾನಿನಲ್ಲೇ ಪ್ರೊಪೇನ್ ಹೀಟರ್ ಇಟ್ಟುಕೊಳ್ಳೋದುಂಟು. ನಮ್ಮ ವಿಮಾನ ನಿಲ್ದಾಣದ ಸುತ್ತಲ ಹೋಟೆಲ್‌ಗಳನ್ನ ನೋಡಿ ಯಾರಿಗಾದರೂ ಅಂಥದ್ದೊಂದು ಸ್ಟಾರ್ಟ್‌ಅಪ್ ಐಡಿಯಾ ಬಂದರೆ ಇಷ್ಟು ನೆನಪಿರಲಿ: ಮುಚ್ಚಿದ ವ್ಯಾನ್ ಅಂದರೆ ಚಕ್ರ ಇರೋ ಬಚ್ಚಲು. ಅದಕ್ಕಂತಲೇ ಮಾಡಿದ ಹೀಟರ್ ಇರಲಿ, ಹೊಗೆ ಹೊರಗೆ ಹೋಗಲು ಕೊಳವೆ ಇರಲಿ. ಸಿಲಿಂಡರ್ ನೆಟ್ಟಗೆ, ಅಲುಗಾಡದಂತೆ ಕಟ್ಟಿರಲಿ. ಗಾಡಿ ಓಡುವಾಗ ವಾಲ್ವ್ ಮುಚ್ಚಿರಲಿ. ಮೊದಲು ನೀರು ಹರಿಸಿ ಆಮೇಲೆ ಬರ್ನರ್ ಹಚ್ಚಿ, ನಿಲ್ಲಿಸುವಾಗ ಮೊದಲು ಗ್ಯಾಸ್, ಆಮೇಲೆ ನೀರು. ನೀರಿಲ್ಲದೆ ಉರಿದರೆ ಕೊಳವೆ ಸುಟ್ಟುಹೋಗುತ್ತೆ.

ಅನಾಹುತ ಆದರೆ

ಸ್ನಾನಕ್ಕೆ ಹೋದವರು ಕರೆದರೂ ಮಾತಾಡದಿದ್ದರೆ ಕಾಯಬೇಡಿ, ಬಾಗಿಲು ಒಡೆಯಿರಿ. ಗ್ಯಾಸ್ ಮುಚ್ಚಿ, ಅವರನ್ನ ಬಯಲಿಗೆ ತಂದು 108ಕ್ಕೆ ಫೋನ್ ಮಾಡಿ. ‘ಗ್ಯಾಸ್ ಗೀಸರ್ ಉರೀತಿತ್ತು’ ಅಂತ ಡಾಕ್ಟರಿಗೆ ಹೇಳೋದು ಮರೀಬೇಡಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವೂ ಆಮ್ಲಜನಕ ಇರುವ ರಕ್ತದ ಹಾಗೇ ಕಾಣುತ್ತೆ, 98 ಅಂತ ತೋರಿಸಿಬಿಡಬಹುದು.

ಗ್ಯಾಸ್ ವಾಸನೆಯೇ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಬಾಡಿಗೆ ಮನೆಯಲ್ಲಿರೋರು ಓನರ್ ಹತ್ತಿರ ಈ ಮಾತು ಎತ್ತಲು ಸಂಕೋಚ ಪಡಬೇಡಿ. ಗೀಸರ್ ಹೊರಗೆ ಹಾಕಿಸಲು ಬೇಕಾಗೋದು ಒಂದಿಷ್ಟು ಪೈಪು, ಒಬ್ಬ ಪ್ಲಂಬರ್. ಒಪ್ಪದಿದ್ದರೆ ಮೇಲಿನ ಲೆಕ್ಕ ತೋರಿಸಿ.